ನೂರ ಹದಿಮೂರರಿಂದ ನೂರ ಇಪ್ಪತ್ತೆಂಟರವರೆಗಿನ ಪಂಡಿತ

ಜಗತ್ತಿನ ಸಕಲ ಜ್ಞಾನವನ್ನೂ ಅರೆದು ಕುಡಿದಿದ್ದೇವೆ ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಅರ್ಧ ಜನ ಮುನ್ನುಡಿ ಓದಿದವರು, ಇನ್ನರ್ಧ ಜನ ಬೆನ್ನುಡಿ ಓದಿದವರು. ನಟ್ಟನಡುವಿನ ಹದಿನಾರು ಪುಟಗಳನ್ನು, ಅದೂ ನಲವತ್ತು ವರ್ಷ, ಒಂದು ಪುಸ್ತಕವನ್ನೂ ಬಿಡದೆ ಓದಿದವನು ಭೂಮಂಡಲದಲ್ಲಿ ಒಬ್ಬನೇ. ಅವನು ನಮ್ಮ ಪ್ರೆಸ್ಸಿನ ಬೈಂಡರ್.

ಅವನ ವಿದ್ಯೆಯ ಗುಟ್ಟು ತಿಳಿಯಬೇಕಾದರೆ ಮೊದಲು ಪುಸ್ತಕ ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕು. ಬರೆದವರ ತಲೆಯಲ್ಲಿ ಹುಟ್ಟುತ್ತದೆ ಎನ್ನುವುದು ಬರೆದವರೇ ಹಬ್ಬಿಸಿದ ಸುದ್ದಿ. ಹಾಸಿಗೆಯ ಹೊದಿಕೆಯಷ್ಟು ಅಗಲದ ಹಾಳೆಯ ಎರಡೂ ಬದಿಗೆ ಹದಿನಾರು ಪುಟ ಅಚ್ಚಾಗುತ್ತದೆ. ಅದನ್ನು ಮೂರು ಸಲ ಮಡಿಸಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಹೊಲಿದು, ಗೋಂದು ಬಳಿದು, ರಟ್ಟು ಹಾಕಿದರೆ ಪುಸ್ತಕ. ನಮ್ಮಲ್ಲಿ ಅಚ್ಚಾಗುತ್ತಿದ್ದದ್ದು ರಾಜಕೀಯ, ಚರಿತ್ರೆ, ತತ್ವಶಾಸ್ತ್ರ, ಸಂಸ್ಕೃತಿಗಳ ಬಗ್ಗೆ ಪಂಡಿತರು ಜನಸಾಮಾನ್ಯರಿಗಾಗಿ ಬರೆದ ಚಿಂತನೆಗಳು. ಜನಸಾಮಾನ್ಯರು ಅವನ್ನು ಕೊಳ್ಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಪ್ರೆಸ್ ಕಟ್ಟಿದ ದೊಡ್ಡ ಯಜಮಾನರು ಪ್ರತಿ ಪುಸ್ತಕಕ್ಕೂ ಹದಿನೈದು ಫಾರಂ, ಅಂದರೆ ಇನ್ನೂರ ನಲವತ್ತು ಪುಟ ಎಂದು ಗೊತ್ತುಮಾಡಿದ್ದರು. "ಅದಕ್ಕಿಂತ ಜಾಸ್ತಿ ಜ್ಞಾನ ಬಂದ್ರೆ ಮುಂದಿನ ಪುಸ್ತಕಕ್ಕೆ ಇಟ್ಕೊಳ್ಳಿ ಸ್ವಾಮಿ" ಎಂದು ಪಂಡಿತರ ಮುಖಕ್ಕೇ ಹೇಳುತ್ತಿದ್ದರು.

ಮಡಿಸುವ ಕೋಣೆಯಲ್ಲಿ ಏಳು ಜನ ಹೆಂಗಸರು. ತಲೆಗೆ ಎರಡು ಫಾರಂನಂತೆ ಹದಿನಾಲ್ಕು ಅವರ ಪಾಲು. ಉಳಿದ ಒಂದು, ಎಂಟನೆಯದು, ಪುಸ್ತಕದ ಸರಿ ನಡುವಿನದು, ಬೈಂಡರ್ ತಾನೇ ಮಡಿಸುತ್ತಿದ್ದ. ನಡು ನೆಟ್ಟಗಿದ್ದರೆ ಇಡೀ ಪುಸ್ತಕ ನೆಟ್ಟಗಿರುತ್ತದೆ ಎಂಬುದು ಅವನ ಸಿದ್ಧಾಂತ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಮರದ ಪಟ್ಟಿಯಿಂದ ಮಡಿಕೆ ಒತ್ತುತ್ತಾ, ಕೈ ತನ್ನ ಕೆಲಸ ಮಾಡುತ್ತಿರುವಾಗ ಕಣ್ಣು ಓದುತ್ತಿತ್ತು. ಹಾಗಾಗಿ ಅವನಿಗೆ ಎಲ್ಲ ಪುಸ್ತಕಗಳ ನೂರ ಹದಿಮೂರನೇ ಪುಟದಿಂದ ನೂರ ಇಪ್ಪತ್ತೆಂಟನೇ ಪುಟದವರೆಗೆ ಕಂಠಪಾಠ. ಆಚೆ ಈಚೆ ಒಂದಕ್ಷರ ಗೊತ್ತಿಲ್ಲ. ನಾವು ಅವನಿಗೆ ಎಂಟನೇ ಫಾರಂ ಎಂದೇ ಹೆಸರಿಟ್ಟಿದ್ದೆವು.

ಇಂಥ ಓದಿನಿಂದ ಮನುಷ್ಯನಿಗೆ ಎಂಥ ಸಮಚಿತ್ತ ಬರುತ್ತದೆ ಎಂದು ನೀವು ಊಹಿಸಲಾರಿರಿ. ಅವನ ಚರಿತ್ರೆಯಲ್ಲಿ ಯಾವ ಸಾಮ್ರಾಜ್ಯವೂ ಹುಟ್ಟಿದ್ದಿಲ್ಲ. ನೂರ ಹದಿಮೂರಕ್ಕೆ ಬರುವಷ್ಟರಲ್ಲಿ ಗೋಡೆ ಆಗಲೇ ಬಿರುಕು ಬಿಟ್ಟಿರುತ್ತಿತ್ತು. ಯಾವ ಸಾಮ್ರಾಜ್ಯವೂ ಬಿದ್ದದ್ದಿಲ್ಲ. ನೂರ ಇಪ್ಪತ್ತೆಂಟಕ್ಕೆ ಶತ್ರು ಕೋಟೆ ಬಾಗಿಲಿಗೆ ಬಂದು ನಿಂತಿರುತ್ತಿದ್ದ, ಅಷ್ಟೇ. ಆತ್ಮ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಆಕ್ಷೇಪಣೆಗಳೆಲ್ಲ ಅವನಿಗೆ ಗೊತ್ತು, ತೀರ್ಮಾನ ಗೊತ್ತಿಲ್ಲ. ಚಹಾ ಅಂಗಡಿಯಲ್ಲಿ ಸರ್ಕಾರ ಈಗ ಬೀಳುತ್ತೆ ಆಗ ಬೀಳುತ್ತೆ ಎಂದು ಜನ ಕಚ್ಚಾಡುತ್ತಿದ್ದರೆ ಇವನು ಲೋಟ ಕೆಳಗಿಟ್ಟು, "ಸುಮ್ನಿರ್ರಯ್ಯಾ, ನಾವಿನ್ನೂ ಮಧ್ಯದಲ್ಲಿದೀವಿ" ಎನ್ನುತ್ತಿದ್ದ. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಅದಕ್ಕಿಂತ ಗಟ್ಟಿಯಾದ ರಾಜಕೀಯ ವಿಶ್ಲೇಷಣೆಯನ್ನು ನಾನು ಇನ್ನೂರ ನಲವತ್ತು ಪುಟ ಹುಡುಕಿದರೂ ಕಂಡಿಲ್ಲ. ನಾನು ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಎಲ್ಲ ಪುಟಗಳನ್ನೂ ಓದುತ್ತಿದ್ದೆ. ಆದರೆ ಅಕ್ಷರ ಮಾತ್ರ. ಅರ್ಥ ನನ್ನ ಕೆಲಸಕ್ಕೆ ಸೇರಿದ್ದಲ್ಲ.

ದೊಡ್ಡ ಯಜಮಾನರು ಹೋದ ಮೇಲೆ ಮಗ ಗಾದಿಗೆ ಬಂದ. ಚಿಕ್ಕ ಯಜಮಾನ ಒಳ್ಳೆಯವನೇ. ಸುಧಾರಣೆಯ ಹುಚ್ಚು ಒಂದು ಬಿಟ್ಟರೆ ಬೇರೆ ದುಶ್ಚಟವಿಲ್ಲ. ಪುಟಗಳ ನೆತ್ತಿಯ ಮೇಲೆ ಪುಸ್ತಕದ ಹೆಸರು ಹಾಕುವುದನ್ನು ಮೊದಲ ವಾರವೇ ನಿಲ್ಲಿಸಿದ. "ಓದೋವ್ನಿಗೆ ತಾನು ಯಾವ ಪುಸ್ತಕ ಓದ್ತಿದೀನಿ ಅಂತ ಗೊತ್ತಿರಲ್ವಾ?" ಎಂದ. ಎರಡನೆಯ ವಾರ ಹಾಳೆ ಮಡಿಸುವ ಯಂತ್ರದ ಬಣ್ಣಬಣ್ಣದ ಪುಸ್ತಿಕೆಯೊಂದು ಅವನ ಮೇಜಿನ ಮೇಲೆ ಕಾಣಿಸಿಕೊಂಡಿತು. ಬೈಂಡರ್ ಅದನ್ನು ನೋಡಿದ. ತನ್ನ ಬೆಂಚಿಗೆ ಹೋಗಿ ದೂರುಗಳ ಪುಸ್ತಕ ತಂದು ಅದರ ಮೇಲಿಟ್ಟ.

ದೂರುಗಳ ಪುಸ್ತಕ ಎಂದರೆ, ಗಿರಾಕಿಗಳು ಕಳಿಸಿದ ತಕರಾರನ್ನು ವಿಭಾಗವಾರು ಬರೆದಿಡುವ ದಪ್ಪ ಪುಸ್ತಕ. ಕರಡು ವಿಭಾಗದ, ಎಂದರೆ ನನ್ನ, ಪುಟಗಳು ತುಂಬಿ ಅಂಚಿಗೆಲ್ಲ ಹರಿದಿದ್ದವು. ಬೈಂಡಿಂಗ್ ಎಂದು ತಲೆಬರಹವಿದ್ದ ಪುಟಗಳು ನಲವತ್ತು ವರ್ಷ ಖಾಲಿ ಇದ್ದು ಹಳದಿಗೆ ತಿರುಗಿದ್ದವು. ಒಂದು ಫಾರಂ ತಲೆಕೆಳಗಾಗಿಲ್ಲ, ಒಂದು ಪುಟ ಹಿಂದುಮುಂದಾಗಿಲ್ಲ.

"ಸರಿ ಅಣ್ಣಾ" ಎಂದ ಚಿಕ್ಕ ಯಜಮಾನ, ಸೋತ ದನಿಯಲ್ಲಿ. "ಈ ಪುಟದಲ್ಲಿ ಒಂದು ದೂರು ಬೀಳೋ ತನಕ ಆ ಬೆಂಚು ನಿಮ್ದು. ಬಿದ್ದ ದಿನ ಮೆಷಿನ್ ಬರುತ್ತೆ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಬಿದ್ರೆ ತಾನೇ ಬೇಜಾರು, ಚಿಕ್ಕ ಯಜಮಾನ್ರೇ?"

ಹೀಗೆ ಅವನ ಬೆಂಚು, ಕಿಟಕಿ, ಬೆಳಕು, ದಿನಕ್ಕೆ ಹದಿನಾರು ಪುಟದ ಲೋಕಜ್ಞಾನ ಎಲ್ಲವೂ ಒಂದು ಖಾಲಿ ಪುಟದ ಮೇಲೆ ನಿಂತವು.

ಈಗ ಇಬ್ಬರು ಪಂಡಿತರನ್ನು ಒಳಗೆ ಕರೆಯಬೇಕು. ಒಬ್ಬರು ಮಳೆಗಾಲ ಬೇಸಿಗೆ ಎನ್ನದೆ ಕೊಡೆ ಹಿಡಿದು ಬರುತ್ತಿದ್ದವರು. ಇನ್ನೊಬ್ಬರು ಪ್ರತಿ ವಾಕ್ಯಕ್ಕೂ ಮುಂಚೆ ಒಮ್ಮೆ ಕೆಮ್ಮುತ್ತಿದ್ದವರು. ಅವರ ಭಾಷಣದಲ್ಲಿ ಅಲ್ಪವಿರಾಮವೆಲ್ಲ ಕೆಮ್ಮೇ. ಕೊಡೆ ಪಂಡಿತರ ಪ್ರಕಾರ ನಾಗರಿಕತೆಯನ್ನು ಕಟ್ಟಿದವರು ಆಳಿದವರು. ಜನ ಎಂದರೆ ಬರೀ ಇಟ್ಟಿಗೆ. ಕೆಮ್ಮು ಪಂಡಿತರ ಪ್ರಕಾರ ಕಟ್ಟಿದ್ದು ಜನ. ಆಳಿದವರು ಹೆಸರು ಕೆತ್ತಿಸಿಕೊಂಡರು ಅಷ್ಟೇ. ಇಷ್ಟಕ್ಕೆ ಮೂವತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರು ಕುಳಿತ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲವಾದ್ದರಿಂದ, ಊರಿನ ಗ್ರಂಥಾಲಯದವರು ಕುರ್ಚಿಗಳನ್ನು ಎರಡು ಪಂಗಡ ಮಾಡಿಟ್ಟಿದ್ದರು. ಆ ವರ್ಷ ಇಬ್ಬರ ಪುಸ್ತಕಗಳೂ ಒಟ್ಟಿಗೇ ನಮ್ಮ ಪ್ರೆಸ್ಸಿಗೆ ಬಂದವು. ಒಂದೇ ಅಳತೆ, ಒಂದೇ ಕಾಗದ, ಒಂದೇ ಅಕ್ಷರ, ಎರಡಕ್ಕೂ ಹದಿನೈದು ಫಾರಂ.

ಎರಡರ ಎಂಟನೇ ಫಾರಂಗಳೂ ಒಂದೇ ದಿನ ಬೈಂಡರ್ ಬೆಂಚಿಗೆ ಬಂದವು. ಎಡಕ್ಕೆ ಕೊಡೆ, ಬಲಕ್ಕೆ ಕೆಮ್ಮು. ಎಡಗಡೆಯ ಹಾಳೆಯಲ್ಲಿ ಹೀಗಿತ್ತು: "ಬಿಡಿ ಹಾಳೆಗಳನ್ನು ಗಾಳಿ ಒಯ್ಯುತ್ತದೆ. ದಾರವು ಹಾಳೆಯನ್ನು ಚುಚ್ಚುತ್ತದೆ, ನೋಯಿಸುತ್ತದೆ. ಆದರೆ ಅದೇ ಅವನ್ನು ಪುಸ್ತಕವಾಗಿಸುತ್ತದೆ. ಅಧಿಕಾರವೆಂಬುದು ಆ ದಾರ." ನಲವತ್ತು ವರ್ಷ ದಾರ ಎಳೆದವನಿಗೆ ಇದನ್ನು ಓದಿ ಎದೆ ಒಂದು ಗೇಣು ಉಬ್ಬಿತು. ಬಲಗಡೆಯ ಹಾಳೆಯಲ್ಲಿ ಹೀಗಿತ್ತು: "ಅರಸ ಸಿಂಹಾಸನದ ಮೇಲೆ ಕುಳಿತ ಎಂದು ಚರಿತ್ರೆ ಬರೆಯುತ್ತದೆ. ಅದರ ಕಾಲು ಅಲ್ಲಾಡದಂತೆ ಅಡಿಯಲ್ಲಿ ಚಕ್ಕೆ ಇಟ್ಟ ಬಡಗಿಯನ್ನು ಬರೆಯುವುದಿಲ್ಲ. ಅವನು ಚಕ್ಕೆ ತೆಗೆದುಕೊಂಡು ಹೋಗಲಿ, ಆಗ ಗೊತ್ತಾಗುತ್ತದೆ." ಇದನ್ನು ಓದಿ ಇನ್ನೊಂದು ಗೇಣು ಉಬ್ಬಿತು. ಎರಡೂ ತನ್ನ ಬಗ್ಗೆಯೇ ಬರೆದಂತಿದೆ, ಎರಡೂ ಸರಿ ಎನಿಸುತ್ತಿದೆ, ಆದರೆ ಎರಡೂ ಒಟ್ಟಿಗೆ ಸರಿಯಾಗುವುದು ಹೇಗೆ? ಜೀವನದಲ್ಲಿ ಮೊದಲ ಬಾರಿಗೆ ಅವನು ಕೈ ನಿಲ್ಲಿಸಿದ. ಎಡಗಡೆಯದನ್ನು ಬಲಕ್ಕೆ ತಂದು, ಬಲಗಡೆಯದನ್ನು ಎಡಕ್ಕೆ ಒಯ್ದು, ಒಂದರ ಪಕ್ಕ ಒಂದಿಟ್ಟು, ಮಧ್ಯಾಹ್ನವೆಲ್ಲ ಹೋಲಿಸಿ ನೋಡಿದ. ಊಟ ಮರೆತ. ಗಂಟೆ ಹೊಡೆದಾಗ ಗಡಬಡಿಸಿ ಎದ್ದು ಮಡಿಸಿದ್ದನ್ನೆಲ್ಲ ಕಟ್ಟು ಕಟ್ಟಿ ಹೊಲಿಗೆಗೆ ಕೊಟ್ಟ. ನಲವತ್ತು ವರ್ಷ ಯೋಚನೆ ಮಾಡದೆ ಓದಿದವನು ಒಂದು ದಿನ ಯೋಚಿಸಿದ. ಅದರ ಫಲ ಮುಂದೆ ಕೇಳಿ.

ಬಿಡುಗಡೆ ಸಮಾರಂಭ ಗ್ರಂಥಾಲಯದ ಸಭಾಂಗಣದಲ್ಲಿ. ಒಂದೇ ವೇದಿಕೆ, ಎರಡು ಪುಸ್ತಕ, ನಡುವೆ ಶಾಂತಿಪಾಲನೆಗೆ ಒಂದು ಹೂದಾನಿ. ಬೈಂಡರನೂ ಅವನ ಹೆಂಡತಿಯೂ ಕೊನೆಯ ಸಾಲಿನಲ್ಲಿದ್ದರು. ಕೊಡೆ ಪಂಡಿತರು ಎದ್ದರು. ನಮ್ಮ ಬೈಂಡರ್ ಪ್ರತಿ ಪುಸ್ತಕಕ್ಕೂ ಕೆಂಪು ರಿಬ್ಬನ್ ಹಾಕುತ್ತಿದ್ದ. ಅದನ್ನು ಎಂಟನೇ ಫಾರಂನಲ್ಲೇ ಇಡುತ್ತಿದ್ದ ಎಂದು ಬೇರೆ ಹೇಳಬೇಕಿಲ್ಲ. ಪಂಡಿತರು ರಿಬ್ಬನ್ ಹಿಡಿದೆತ್ತಿದರು, ಪುಸ್ತಕ ತಾನಾಗಿ ತೆರೆದುಕೊಂಡಿತು, ಅವರು ಗಂಟಲು ತುಂಬಿ ಓದಿದರು:

"ಅರಸ ಸಿಂಹಾಸನದ ಮೇಲೆ ಕುಳಿತ ಎಂದು ಚರಿತ್ರೆ ಬರೆಯುತ್ತದೆ..."

ಕೊನೆಯ ಸಾಲಿನಲ್ಲಿ ಬೈಂಡರ್ ಕುರ್ಚಿಯ ಕೈ ಹಿಡಿದುಕೊಂಡ. "ಇದು ಅವರ್ದಲ್ಲ ಕಣೇ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. "ಇದು ಕೆಮ್ಮಿನೋರ್ದು. ಅಯ್ಯಯ್ಯೋ, ಕಟ್ಟು ಅದಲುಬದಲಾಗಿದೆ!"

"ಸುಮ್ನಿರ್ರೀ, ಅವರೇ ಓದ್ತಿದಾರಲ್ಲ."

ಓದಿದರು, ಬಡಗಿಯವರೆಗೂ ಓದಿದರು, ಚಕ್ಕೆಯವರೆಗೂ ಓದಿದರು. ಜನ ಚಪ್ಪಾಳೆ ತಟ್ಟಿದ ರಭಸಕ್ಕೆ ಗ್ರಂಥಾಲಯದ ಮೂರನೇ ಮಹಡಿಯಲ್ಲಿ ನಿಘಂಟುಗಳು ಕಪಾಟಿನಿಂದ ಬಿದ್ದವು. ಮೂವತ್ತು ವರ್ಷ ಜನರನ್ನು ಇಟ್ಟಿಗೆ ಎಂದ ಬಾಯಲ್ಲಿ ಬಡಗಿಯ ಹೊಗಳಿಕೆ ಬಂದರೆ ಯಾರು ತಟ್ಟುವುದಿಲ್ಲ? ಪಂಡಿತರಿಗೆ ತಾವು ಓದುತ್ತಿರುವುದು ತಮ್ಮ ಬರಹವಲ್ಲ ಎಂದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಮೈಕಿನ ಮುಂದೆ ನಿಂತ ಪಂಡಿತರಿಗೆ ತಮ್ಮ ದನಿಯಲ್ಲಿ ಕೇಳಿಸಿದ್ದೆಲ್ಲ ತಮ್ಮದೇ.

ಕೆಮ್ಮು ಪಂಡಿತರು ಕೆಂಡವಾಗಿ ಎದ್ದರು. ಕೆಮ್ಮಿದರು. "ಇದು ಬರೀ ಭಾವುಕ ಬೊಗಳೆ! ಬಡಗಿಯಂತೆ, ಚಕ್ಕೆಯಂತೆ! ಆಧಾರ ಎಲ್ಲಿದೆ? ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ರೆ ಹರಿದು ಹಾಕ್ತಿದ್ದೆ!" ಎಂದು ತಮ್ಮದೇ ನಾಲ್ಕು ವರ್ಷದ ತಪಸ್ಸನ್ನು ತಾವೇ ಹರಿದು, ತಮ್ಮ ಪುಸ್ತಕದ ರಿಬ್ಬನ್ ಎತ್ತಿ ಓದತೊಡಗಿದರು: "ಬಿಡಿ ಹಾಳೆಗಳನ್ನು ಗಾಳಿ ಒಯ್ಯುತ್ತದೆ..."

"ಹಳಸಲು ವಾದ!" ಎಂದು ಕೊಡೆ ಪಂಡಿತರು ಕೊಡೆ ಕುಟ್ಟಿ ಕೂಗಿದರು. "ಇದನ್ನ ನಾನು ಯಾವಾಗ್ಲೋ ಖಂಡಿಸಿದೀನಿ!"

ಮನೆಗೆ ಬಂದ ಮೇಲೆ ಬೈಂಡರ್ ತಟ್ಟೆಯ ಮುಂದೆ ಕುಳಿತು ಗೋಡೆ ನೋಡುತ್ತಿದ್ದ. ಹೆಂಡತಿ ದರ್ಜಿ ಅಂಗಡಿಗೆ ಗುಂಡಿ ಹೊಲಿದು ಕೊಡುವವಳು. ಗುಂಡಿ ಹೊಲಿಯುತ್ತಲೇ ಮಾತಾಡಿದಳು.

"ಯಾಕ್ರೀ ಹಾಗೆ ಕೂತಿದೀರಾ? ಬರೆದೋರಿಗೇ ಗೊತ್ತಾಗಿಲ್ಲ, ಓದೋರಿಗೆ ಗೊತ್ತಾಗುತ್ತಾ? ನೂರ ಹದಿಮೂರನೇ ಪುಟದ ತನಕ ಯಾರು ಹೋಗ್ತಾರೆ?"

"ನಾನು ಹೋಗ್ತೀನಿ."

"ನೀವು ಹೋಗಲ್ಲ. ನೀವು ಅಲ್ಲೇ ಇರ್ತೀರಾ. ಹೇಳಿದ್ರೆ ಬೆಂಚು ಹೋಗುತ್ತೆ, ನೆನಪಿರ್ಲಿ."

"ನಲವತ್ತು ವರ್ಷ ಆ ಪುಟ ಖಾಲಿ ಇದ್ದಿದ್ದು ತಪ್ಪು ಮಾಡ್ದೇ ಇದ್ದಿದ್ದಕ್ಕೆ ಕಣೇ. ಮುಚ್ಚಿಟ್ಟಿದ್ದಕ್ಕಲ್ಲ."

ಅವಳು ಗುಂಡಿಯ ದಾರ ಹಲ್ಲಲ್ಲಿ ಕಡಿದಳು. "ಹಾಗಾದ್ರೆ ಹೋಗಿ ಹೇಳಿ. ಮೊದ್ಲು ಊಟ ಮಾಡಿ."

ಮರುದಿನ ಅವನು ತಪ್ಪು ಒಪ್ಪಿಕೊಂಡ. ಚಿಕ್ಕ ಯಜಮಾನ ಹೌಹಾರಿ ಎರಡೂ ಪುಸ್ತಕ ಬಿಚ್ಚಿ ನೋಡಿ, ತಲೆ ಮೇಲೆ ಕೈ ಹೊತ್ತು, ಇಬ್ಬರು ಪಂಡಿತರನ್ನೂ ಬೇರೆ ಬೇರೆ ಹೊತ್ತಿಗೆ ಕರೆಸಿದ. ಆ ಹೊತ್ತಿಗಾಗಲೇ ಪತ್ರಿಕೆಗಳಲ್ಲಿ ವಿಮರ್ಶೆಗಳು ಬಂದಿದ್ದವು. ಕೊಡೆ ಪಂಡಿತರದು "ಜನರತ್ತ ತಿರುಗಿದ ಮಹಾಚಿಂತಕನ ಅಂತಃಕರಣ" ಎಂದು ಒಂದು. ಕೆಮ್ಮು ಪಂಡಿತರದು "ಎದುರಾಳಿಯ ಸತ್ಯವನ್ನೂ ಒಳಗೊಳ್ಳುವ ಅಪೂರ್ವ ಔದಾರ್ಯ" ಎಂದು ಇನ್ನೊಂದು.

ಕೊಡೆ ಪಂಡಿತರು ಬೈಂಡರನ ಮಾತನ್ನು ಪೂರ್ತಿ ಕೇಳಿದರು. ನೂರ ಹದಿಮೂರನೇ ಪುಟ ತೆರೆದರು. ಓದಿದರು. ನೂರ ಹದಿನಾಲ್ಕನ್ನೂ ಓದಿದರು. ಪುಸ್ತಕ ಮುಚ್ಚಿ ಕೊಡೆಯ ಹಿಡಿಯ ಮೇಲೆ ಕೈ ಊರಿದರು.

"ಏನಪ್ಪಾ ನೀನು ಹೇಳ್ತಿರೋದು?" ಎಂದರು ಕೊನೆಗೆ. "ಇದು ನಾನೇ ಬರೆದದ್ದು."

"ಸ್ವಾಮಿ, ನಾನು ಮಡಿಸಿದೀನಿ. ನಿಮ್ದು ದಾರದ್ದು. ಚಕ್ಕೆದು ಅವರ್ದು."

"ನನ್ನ ಚಿಂತನೆ ಬೆಳೆದಿದೆ. ಬೆಳವಣಿಗೆ ಅಂದ್ರೆ ನಿನಗೆ ಗೊತ್ತಾಗಲ್ಲ."

"ನೂರ ಹನ್ನೆರಡನೇ ಪುಟದಲ್ಲಿ ಜನ ಇಟ್ಟಿಗೆ, ನೂರ ಹದಿಮೂರಕ್ಕೆ ಬೆಳೆದುಬಿಡ್ತಾ ಸ್ವಾಮಿ?"

"ಚಿಂತನೆ ಹಾಗೇ ಬೆಳೆಯೋದು!" ಎಂದು ಕೊಡೆ ತೆಗೆದುಕೊಂಡು ಹೊರಟರು. ಕೆಮ್ಮು ಪಂಡಿತರು ಸಂಜೆ ಬಂದು, ಏಳು ಸಲ ಕೆಮ್ಮಿ, ಎದುರಾಳಿಯ ವಾದವನ್ನು ಅವನ ದನಿಯಲ್ಲೇ ನುಡಿಸಿ ಪರೀಕ್ಷಿಸುವುದು ತಮ್ಮ ವಿಧಾನವೆಂದೂ, ಬೈಂಡರ್‌ಗಳು ವಿಧಾನದ ವಿಷಯಕ್ಕೆ ಕೈ ಹಾಕಬಾರದೆಂದೂ ತಿಳಿಸಿದರು.

ಹೀಗೆ, ತಪ್ಪು ಮಾಡಿದವನೇ ಒಪ್ಪಿಕೊಂಡರೂ ದೂರು ಕೊಡುವವರು ಯಾರೂ ಸಿಗಲಿಲ್ಲ. ದೂರುಗಳ ಪುಸ್ತಕದ ಪುಟ ಖಾಲಿಯೇ ಉಳಿಯಿತು. ಚಿಕ್ಕ ಯಜಮಾನ, "ದೂರು ಇಲ್ಲ ಅಂದ್ಮೇಲೆ ತಪ್ಪೂ ಇಲ್ಲ ಅಣ್ಣಾ, ಬೆಂಚು ನಿಮ್ದೇ" ಎಂದ. ಬೆಂಚು ಉಳಿದವನ ಮುಖ ಬೆಂಚು ಕಳಕೊಂಡವನ ಮುಖದಂತಿತ್ತು.

ಪ್ರಾರಬ್ಧ ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಪ್ರೆಸ್ಸಿನ ಇತಿಹಾಸದಲ್ಲೇ ಮೊದಲ ಸಲ ಪಂಡಿತರ ಪುಸ್ತಕಗಳು ಖರ್ಚಾದವು. ಎರಡನೇ ಮುದ್ರಣಕ್ಕೆ ಇಬ್ಬರಿಂದಲೂ ಕಾಗದ ಬಂತು, ಹೇಳಿಕೊಟ್ಟಂತೆ ಒಂದೇ ಒಕ್ಕಣೆ: ಮೊದಲ ಮುದ್ರಣದಂತೆಯೇ ಇರತಕ್ಕದ್ದು, ಒಂದು ಹಾಳೆಯೂ ಬದಲಾಗಕೂಡದು.

ಬೈಂಡರ್ ಬೆಂಚಿಗೆ ಕುಳಿತ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ. ಅಂದು ಅರಿಯದೆ ಮಾಡಿದ ತಪ್ಪನ್ನು ಇಂದು ಒಂದೊಂದು ಪ್ರತಿಯಲ್ಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಎಲ್ಲಿ ಸರಿಯಾಗಿಬಿಡುತ್ತದೋ ಎಂದು ಹೆದರಿ ಹೆದರಿ ಮಾಡಬೇಕು. ತಪ್ಪು ಮಾಡುವುದರಲ್ಲಿ ತಪ್ಪಿದರೆ ಬೆಂಚು ಹೋಗುತ್ತದೆ! ಸಾವಿರ ಪ್ರತಿಗಳನ್ನು ಹಾಗೆ ಕಟ್ಟುತ್ತಾ ಹೋದ. ಇಷ್ಟು ನೆಟ್ಟಗೆ, ಇಷ್ಟು ಅಂದವಾಗಿ, ಇಷ್ಟು ಶ್ರದ್ಧೆಯಿಂದ ಯಾವ ದೇಶದಲ್ಲೂ ಯಾರೂ ತಪ್ಪು ಮಾಡಿರಲಾರರು. ದೊಡ್ಡ ದೊಡ್ಡ ಮಂತ್ರಿಮಂಡಲಗಳಿಗೂ ಅದು ಸಾಧ್ಯವಾಗಿಲ್ಲ.

ಸಾವಿರಕ್ಕೆ ಒಂದು ಉಳಿದಿದ್ದಾಗ ಅವನು ಮರದ ಪಟ್ಟಿ ಕೆಳಗಿಟ್ಟು ಕಿಟಕಿಯಾಚೆ ನೋಡಿದ. ಆಮೇಲೆ ಕೊಡೆ ಪಂಡಿತರ ಕೊನೆಯ ಪ್ರತಿಗೆ ಕೊಡೆ ಪಂಡಿತರದೇ ಎಂಟನೇ ಫಾರಂ ಹಾಕಿ ಹೊಲಿದ. ಒಳ್ಳೆಯ ರಟ್ಟು ಹಾಕಿದ. ರಿಬ್ಬನ್ ಇಟ್ಟ. ಲೇಖಕರಿಗೆ ಕಳಿಸುವ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಇಟ್ಟ.

ನಾಲ್ಕನೇ ದಿನ ಪ್ರತಿ ವಾಪಸು ಬಂತು, ಜೊತೆಗೆ ಕಾಗದ. ಚಿಕ್ಕ ಯಜಮಾನ ಬೆಂಚಿನ ಹತ್ತಿರ ಬಂದು ಓದಿದ: "ಈ ಪ್ರತಿಯ ನಡುವೆ ಯಾರದೋ ಹದಿನಾರು ಪುಟಗಳು ಸೇರಿಕೊಂಡಿವೆ. ಶೈಲಿ ಪೇಲವ, ವಾದ ಹಳಸಲು. ದಾರ, ಹಾಳೆ ಎಂದೇನೋ ಬಾಲಿಶ ಉಪಮೆ. ಬೈಂಡಿಂಗ್ ವಿಭಾಗದ ಈ ಅಕ್ಷಮ್ಯ ಬೇಜವಾಬ್ದಾರಿಯನ್ನು ದಾಖಲಿಸಿಕೊಳ್ಳಬೇಕು."

ಏಳು ಜನ ಹೆಂಗಸರ ಕೈಯೂ ನಿಂತಿತು.

"ಅಣ್ಣಾ" ಎಂದ ಚಿಕ್ಕ ಯಜಮಾನ, ದನಿ ತಗ್ಗಿಸಿ. "ಕಣ್ತಪ್ಪಿ ಆಯ್ತು ಅಂತ ಒಂದ್ಮಾತು ಹೇಳ್ಬಿಡಿ. ಈ ಕಾಗದ ಹರಿದು ಬಿಸಾಕ್ತೀನಿ."

"ಕಣ್ತಪ್ಪಿ ಆಗಿದ್ದು ಉಳಿದದ್ದೆಲ್ಲ. ಇದೊಂದು ನೋಡೇ ಕಟ್ಟಿದ್ದು."

"ನನ್ ಕೈ ಕಟ್ಟಿ ಹಾಕ್ತಿದೀರಾ ನೀವು."

"ಕಟ್ಟೋದೇ ಅಲ್ವಾ ಚಿಕ್ಕ ಯಜಮಾನ್ರೇ ನನ್ ಕೆಲ್ಸ? ಬರೀರಿ, ಬರೀರಿ. ಶಾಯಿ ಒಣಗುತ್ತೆ."

ನಲವತ್ತು ವರ್ಷ ಖಾಲಿಯಿದ್ದ ಪುಟದ ಮೊದಲ ಸಾಲಿನಲ್ಲಿ ದೂರು ದಾಖಲಾಯಿತು. ಆ ಪುಸ್ತಕದಲ್ಲಿ ಅವನು ಸರಿಯಾಗಿ ಕಟ್ಟಿದ ಒಂದೇ ಒಂದು ಪ್ರತಿ ಪ್ರೆಸ್ಸಿನ ದಾಖಲೆಯಲ್ಲಿ ಅವನ ಒಂದೇ ಒಂದು ತಪ್ಪು. ಮುಂದೆ ನಮ್ಮ ಪ್ರೆಸ್ಸಿನ ಚರಿತ್ರೆ ಬರೆಯುವ ಪಂಡಿತರು ಆ ಪುಟ ನೋಡಿ, ಇಂಥವನೊಬ್ಬ ಬೇಜವಾಬ್ದಾರಿ ಬೈಂಡರ್ ಇದ್ದ ಎಂದು ಆಧಾರಸಹಿತ ಬರೆಯುತ್ತಾರೆ. ಅದನ್ನು ಮಡಿಸುವುದು ಯಂತ್ರ.

ಯಂತ್ರ ಬಂತು. ಕಿಟಕಿಯ ಪಕ್ಕದಲ್ಲೇ ಕೂತಿತು, ಬೆಳಕು ಬೇಕಿಲ್ಲದಿದ್ದರೂ. ಎಷ್ಟು ಫಾರಂ ಕೊಟ್ಟರೂ ಮಡಿಸುತ್ತದೆ, ಒಂದಕ್ಷರ ಓದುವುದಿಲ್ಲ. ಆ ಮಟ್ಟಿಗೆ ಅದನ್ನು ವಿಮರ್ಶಕರ ಸಾಲಿಗೆ ಸೇರಿಸಬಹುದು. ಏಳು ಹೆಂಗಸರಿಗೆ ಹೊಲಿಗೆಯ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬೈಂಡರ್ ಮರದ ಪಟ್ಟಿಯನ್ನೂ ವಾಪಸು ಬಂದ ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದ.

ಹೋದ ವಾರ ಅವನ ಮನೆಗೆ ಹೋಗಿದ್ದೆ. ಹೆಂಡತಿ ಗುಂಡಿ ಹೊಲಿಯುತ್ತಿದ್ದಳು, ಇವನು ಎದುರು ಕುಳಿತು ಆ ಪುಸ್ತಕ ಓದುತ್ತಿದ್ದ, ಬಾಳಿನಲ್ಲಿ ಮೊದಲ ಬಾರಿಗೆ ಒಂದನೇ ಪುಟದಿಂದ. ನೂರ ಹನ್ನೆರಡಕ್ಕೆ ಬಂದಿದ್ದ. ರಿಬ್ಬನ್ ಇಟ್ಟು ಪುಸ್ತಕ ಮುಚ್ಚಿದ.

"ಹೇಗಿದೆಯಪ್ಪಾ, ಮೊದಲಿಂದ ಓದಿದ್ರೆ?" ಎಂದು ಕೇಳಿದೆ.

"ಏನು ಹೇಳೋದು" ಎಂದ. "ಸಾಮ್ರಾಜ್ಯದ ಗೋಡೆ ಬಿರುಕು ಬಿಟ್ಟಾಗೆಲ್ಲ ಅಯ್ಯೋ ಪಾಪ ಅನ್ನಿಸ್ತಿತ್ತು. ಗೋಡೆ ಹೇಗೆ ಕಟ್ಟಿದ್ರು ಅಂತ ಈಗ ಓದಿದ್ನಲ್ಲ, ಬೀಳ್ಲಿ ಬಿಡು ಅನ್ನಿಸ್ತಿದೆ."

"ಮುಂದಿನ ಹದಿನಾರು ಪುಟ?"

"ಅದು ಬಾಯಿಗೆ ಬರುತ್ತೆ."

"ನೂರ ಇಪ್ಪತ್ತೊಂಬತ್ತರಿಂದ ಓದಿ ಮುಗ್ಸಿ ಮತ್ತೆ" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. "ಕೋಟೆ ಬಾಗಿಲಲ್ಲಿ ನಲವತ್ತು ವರ್ಷದಿಂದ ಆ ಶತ್ರು ನಿಂತಿದಾನಲ್ಲ, ಒಳಗೆ ಬಂದ್ನೋ ಇಲ್ವೋ ನೋಡಿ."

ಬೈಂಡರ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದ. ಒಂದು ಎಳೆಯೂ ಸಡಿಲವಾಗಿರಲಿಲ್ಲ.

"ನಿಂತಿರ್ಲಿ ಬಿಡೇ" ಎಂದ. "ಇಷ್ಟು ದಿನ ಕಾದಿದಾನೆ. ಚಹಾ ಕುಡಿದು ನೋಡಿದ್ರಾಯ್ತು."